ಬಣ್ಣ ನೋಡಿ ಬರೆದ ತಳಿ

ದನಗಳಿಗೆ ನಂಬರಿನ ಕಿವಿಯೋಲೆ ಹಾಕಿಸಿ ದಾಖಲೆ ಕಾಯುವ ಮಾನ್ಯರೇ,

ನನ್ನ ಕೊಟ್ಟಿಗೆಯ ಕೆಂಪು-ಬಿಳಿ ಕಡಸು ಜೆರ್ಸಿ ಮಿಶ್ರತಳಿ. ತಮ್ಮ ದಾಖಲೆಯಲ್ಲಿ ಅದು ಎಚ್‌ಎಫ್ ಎಂಬ ದೊಡ್ಡ ತಳಿ. ಈ ಒಂದು ಪದ ತಿದ್ದಿಸಲು ಎಂಟು ತಿಂಗಳಿಂದ ಅಲೆಯುತ್ತಿದ್ದೇನೆ. ತಿದ್ದುತ್ತೀರೆಂಬ ನಂಬಿಕೆ ಹೋಗಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇನ್ನು ಹನ್ನೊಂದು ದಿನಕ್ಕೆ ಅದು ಬೆದೆಗೆ ಬರುತ್ತದೆ.

ತಪ್ಪಿನ ಮೊದಲ ಪಾಲು ನನ್ನದೇ. ಓಲೆ ಹಾಕಲು ಬಂದ ತಮ್ಮ ಸಿಬ್ಬಂದಿ ಬಾಗಿಲಲ್ಲೇ ನಿಂತು ನನ್ನ ಅಕ್ಕ-ತಂಗಿ ಕಡಸುಗಳೆರಡನ್ನೂ ನೋಡಿದರು. ನಮ್ಮ ಕಡೆ ಕಪ್ಪು-ಬಿಳಿ ಕಂಡರೆ ಎಚ್‌ಎಫ್, ಬರೀ ಕೆಂಪಾದರೆ ಜೆರ್ಸಿ. ಕೆಂಪು-ಬಿಳಿ ಎರಡೂ ಇದ್ದರೆ? "ಕ್ಯಾಲೆಂಡರ್‌ನಾಗೆ ಇಂಥದ್ದೇ ಫೋಟೋ ಐತೆ. ಕೆಂಪು ಎಚ್‌ಎಫ್ ಕಣಣ್ಣ ಇವು" ಎಂದರು. ಅಂಥದ್ದೊಂದು ತಳಿ ಇರುವುದು ನಿಜ; ಆದರೆ ಅದು ದೊಡ್ಡ ಮೈಯದು. ದೊಡ್ಡ ಹೆಸರು ಕೇಳಿ ನಾನು ಹಿಗ್ಗಿ ಸುಮ್ಮನಿದ್ದೆ. ನನ್ನ ಬೂಸಾ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡೆ ಕೂಡ.

ಅಕ್ಕ ಕಡಸು ಬೆದೆಗೆ ಬಂದಾಗ ಗಬ್ಬದ ಇಂಜೆಕ್ಷನ್ ಕೊಡುವವರು ಮೊಬೈಲಿನಲ್ಲಿ ಓಲೆಯ ನಂಬರ್ ಒತ್ತಿ, ಡಬ್ಬಿಯಿಂದ ದೊಡ್ಡ ಹೋರಿಯ ವೀರ್ಯದ ಕಡ್ಡಿ ತೆಗೆದರು. ನನ್ನ ಹೆಂಡತಿ ದಾಕ್ಷಾಯಣಮ್ಮ ಅಡ್ಡ ನಿಂತಳು. "ಇದರ ತಾಯಿ ಜೆರ್ಸಿ ಕಣಪ್ಪ. ಬೆನ್ನು ನನ್ನ ಎದೆಮಟ್ಟಕ್ಕೂ ಬರಲ್ಲ. ಅಷ್ಟು ದೊಡ್ಡ ಕರು ಎಲ್ಲಿಂದ ಈಚೆ ಬರ್ತೈತೆ?"

"ಮೊಬೈಲ್‌ನಾಗೆ ಎಚ್‌ಎಫ್ ಅಂತೈತೆ ಕಣಮ್ಮ. ಬೇರೆ ಕೊಟ್ಬುಟ್ರೆ ನಂಗೆ ನೋಟೀಸು ಬತ್ತದೆ."

ಸೂಲಿನ ದಿನ ಕರು ಅರ್ಧ ಬಂದು ಸಿಕ್ಕಿಕೊಂಡಿತು. ಆರು ಜನ ಹಗ್ಗ ಹಿಡಿದು ಎಳೆದೆವು. ಕರು ಸತ್ತಿತು. ತಾಯಿ ಮತ್ತೆ ಏಳಲಿಲ್ಲ, ಒಂಬತ್ತನೇ ದಿನ ಹೋಯಿತು. ನೋಟೀಸು ಮಾತ್ರ ಯಾರಿಗೂ ಬರಲಿಲ್ಲ.

ತಂಗಿ ಕಡಸಿನ ದಾಖಲೆಯನ್ನಾದರೂ ತಿದ್ದಿ ಎಂದರೆ, ಹಸುವನ್ನೇ ಹಾಜರುಪಡಿಸಿ ಎಂದಿರಿ. ಲಗೇಜ್ ಆಟೋ ಹತ್ತಿಸಿ ತಂದೆ. ತಾವು ಕಿಟಕಿಯಿಂದ ಅದನ್ನು ನೋಡಿದಿರಿ, ಕಂಪ್ಯೂಟರ್ ನೋಡಿದಿರಿ. "ಕೆಂಪು-ಬಿಳಿ ಅಂತಿದೆ, ಕೆಂಪು-ಬಿಳೀನೇ ಇದೆ. ತಾಳೆ ಆಯ್ತಲ್ರೀ?" ಬಣ್ಣ ಕಂಡ ಕಣ್ಣಿಗೆ ಎತ್ತರ ಕಾಣಲಿಲ್ಲವೇ? ಅಳೆಯುವ ಟೇಪು ನನ್ನ ಕೈಯಲ್ಲಿತ್ತು. ಈ ಕಡಸುಗಳ ಜೆರ್ಸಿ ತಾಯಿಯ ಬೆದೆ, ಸೂಲು ಎಲ್ಲ ಬರೆದಿಟ್ಟ ಪುಸ್ತಕವೂ ಇತ್ತು. ಕುರ್ಚಿಯಿಂದ ಏಳಬಾರದೆಂದು ಯಾವ ಸುತ್ತೋಲೆ ಹೇಳುತ್ತದೆ?

ಮೂರು ಬೆದೆ ಬಿಟ್ಟಿದ್ದೇನೆ. ಇನ್ನೂ ಬಿಟ್ಟರೆ ಗಬ್ಬವಿಲ್ಲ, ಹಾಲಿಲ್ಲ. ಇಂಜೆಕ್ಷನ್ ಕೊಡಿಸಿದರೆ ಅಕ್ಕನ ದಾರಿ.

ಹನ್ನೊಂದು ದಿನದೊಳಗೆ ಆ ಒಂದು ಪದ ತಿದ್ದಿ. ಆಗದಿದ್ದರೆ ಸೂಲಿನ ದಿನ ತಾವೇ ದಯಮಾಡಿಸಿ. ಅವತ್ತು ಹಗ್ಗ ಹಿಡಿದಿದ್ದ ಪಕ್ಕದ ಮನೆಯ ಬೈರಪ್ಪ, "ಇನ್ನೊಂದ್ಸಲ ನನ್ನ ಕರೀಬ್ಯಾಡ ಕಣಣ್ಣ" ಎಂದಿದ್ದಾನೆ. ಹಗ್ಗಕ್ಕೆ ಒಂದು ಕೈ ಕಡಿಮೆ ಇದೆ.

ಇಂತಿ,
ಕ್ಯಾಲೆಂಡರ್ ನಂಬಿ ಹಿಗ್ಗಿದ,
ಬೂಸಾ ಅಂಗಡಿ ನಾಗಲಿಂಗಯ್ಯ
ನಿಡುಗಲ್