ತಿರುವಿನಲ್ಲಿದ್ದ ಗೋಡೆ

ಮನೆಯಿಂದ,
ಹದಿನಾಲ್ಕನೆಯ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

“ನಿಧಾನವಾಗಿ ಬರೋರಿಗೆ ಗೋಡೆ ಏನೂ ಮಾಡಲ್ಲ” ಎಂದು ಆವತ್ತು ಅಪ್ಪ ಅಂದದ್ದು ಊರ ಮಂಡಳಿಯವರಿಗೋ, ಅವರು ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ ನಮಗೋ? ಮೊನ್ನೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಮಾತು ಹಾಗೇ ಉಳಿದಿದೆ, ಯಾರ ಮುಖ ನೋಡಿ ಅಂದರು ಎಂಬುದು ಮಾತ್ರ ಜಾರಿಹೋಗಿದೆ. ನೀನು ಅಲ್ಲೇ ಇದ್ದೆ ಎಂದು ನನ್ನ ಅಂದಾಜು. ಇರಲಿ. ಮೊದಲು ನಿನ್ನ ಮೊಣಕಾಲು ಹೇಗಿದೆ ಬರೆ. ಹಾಸ್ಟೆಲಿನ ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡಿದೆಯಾ? ಹುಡುಗಿಯರು ದೀಪ ಆರಿಸಿದರೋ ಇಲ್ಲವೋ ಎಂದು ವಾರ್ಡನ್ ಮೇಡಂ ಖುದ್ದಾಗಿ ಮೇಲೆ ಹೋಗಿ ನೋಡಲೇಬೇಕೆಂದು ಎಲ್ಲೂ ಬರೆದಿಲ್ಲ. ನಾನು ಕಳಿಸಿದ ಮಾತ್ರೆ ಊಟವಾದ ಮೇಲೆಯೇ ತಗೋ. ಔಷಧಿ ಅಂಗಡಿಯವನ ಅಕ್ಕನೇ ಕುಂಟುತ್ತಿದ್ದಾಳೆ ಎಂದರೆ ನನ್ನ ವ್ಯಾಪಾರದ ಗತಿ ಏನು. ಇಲ್ಲಿ ನಿನ್ನ ನಾದಿನಿ ಚೆನ್ನಾಗಿದ್ದಾಳೆ. ಅಪ್ಪ ಉಣ್ಣುತ್ತಾರೆ, ಮಲಗುತ್ತಾರೆ, ಎಡಗಿವಿ ಮೊದಲಿನಷ್ಟೇ ಮಂದ. ಅವರ ವಿಷಯ ಬರೆಯಬೇಡ ಎಂದಿದ್ದೆ. ಇಷ್ಟು ದಿನ ಬರೆಯಲಿಲ್ಲ. ಈ ಸಲ ಅದನ್ನು ಬಿಟ್ಟು ಬರೆಯಲು ಕೂತರೆ ಬರೆಯುವುದಕ್ಕೆ ಬೇರೇನೂ ಇಲ್ಲ.

ತಿರುವಿನ ರಸ್ತೆಯ ವಿಷಯ ಮತ್ತೆ ಮಂಡಳಿಯ ಮುಂದೆ ಬಂತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಸಾಲಾಗಿ ಬರೆಯದಿದ್ದರೆ ನನಗೇ ತಲೆಬುಡ ಸಿಗುವುದಿಲ್ಲ. ನಮ್ಮ ಹೊಲದ ಮೂಲೆಯನ್ನು ಕತ್ತರಿಸಿ ರಸ್ತೆಯನ್ನು ನೇರ ಮಾಡುವುದು, ಗೋಡೆ ತೆಗೆಯುವುದು, ಆಚೆ ಬದಿಗೆ ಕಬ್ಬಿಣದ ಬೇಲಿ ಹಾಕುವುದು, ಎರಡೂ ಕಡೆ ಎಚ್ಚರಿಕೆಯ ಹಲಗೆ ನಿಲ್ಲಿಸುವುದು. ಹಿಂದೆ ಅಪ್ಪ ಮೂಲೆ ಕೊಡುವುದಿಲ್ಲ ಎಂದಾಗ ನಿಂತುಹೋಗಿದ್ದ ಯೋಜನೆಯೇ ಇದು. ಅವರು ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆ. ಜೀವಮಾನವಿಡೀ ಬೇರೆಯವರಿಗೆ ಗೋಡೆ ಕಟ್ಟಿದ ಮೇಸ್ತ್ರಿ ತನಗಾಗಿ ಕಟ್ಟಿಕೊಂಡದ್ದು ಅದೊಂದೇ. ಗೋಡೆಯ ಆಚೆಯಿಂದ ಏನು ಬರುತ್ತಿದೆ ಎಂದು ಈಚೆಯವರಿಗೆ ಕಾಣುತ್ತಿರಲಿಲ್ಲ. ಅಪ್ಪ ಮೂಲೆ ಕೊಡುವುದಿಲ್ಲ ಎಂದ ಮಾರನೆಯ ವರ್ಷ ಭಾವ ಅಲ್ಲಿ ಲಾರಿಗೆ ಸಿಕ್ಕರು. ಸ್ಕೂಟರಿನ ಹಿಂದೆ ಹೊಲಿಗೆ ಯಂತ್ರ ರಿಪೇರಿಯ ಪೆಟ್ಟಿಗೆ ಕಟ್ಟಿಕೊಂಡು, ಎಣ್ಣೆ ಚೆಲ್ಲುತ್ತದೆ ಎಂದು ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಟ್ಟು ಹೋಗುತ್ತಿದ್ದ ಮನುಷ್ಯ. “ಅವರಷ್ಟು ನಿಧಾನವಾಗಿ ಬರೋರು ಈ ರಸ್ತೇಲಿ ಇನ್ಯಾರಿದ್ರು, ತೋರಿಸಿ” ಎಂದು ನೀನು ಅಪ್ಪನ ಮುಂದೆ ನಿಂತು ಕೇಳಿದೆ. ಮತ್ತೇನೂ ಕೇಳದೆ ಹಾಸ್ಟೆಲಿನ ಕೆಲಸಕ್ಕೆಂದು ಬಸ್ಸು ಹತ್ತಿದೆ. ಆಮೇಲೆ ಈ ಮನೆಯಲ್ಲಿ ಆ ಮಾತು ಹಾಗೇ ನಿಂತುಕೊಂಡಿದೆ, ಯಾರೂ ಕೂರು ಎನ್ನದ ನೆಂಟನ ಹಾಗೆ.

ಹೋದ ವಾರ ಮಂಡಳಿಯವರು ಸ್ಥಳ ನೋಡಲು ಹೋದರು. ನಾನೂ ಸದಸ್ಯನಲ್ಲವೇ, ಹೋಗಬೇಕಾಯಿತು. ನಾನು ಆ ತಿರುವಿಗೆ ಕಾಲಿಟ್ಟು ಬಹಳ ಕಾಲವಾಗಿತ್ತು. ಅಂಗಡಿಗೆ ಹಿಂದಿನ ಕಾಲುದಾರಿಯಲ್ಲಿ ಹೋಗುವುದು ಅಭ್ಯಾಸವಾಗಿದೆ. ಬಿಸಿಲು ಕಡಿಮೆ ಎಂದು ಹೇಳಿಕೊಳ್ಳುತ್ತೇನೆ. ಹೊಸದಾಗಿ ಬಂದಿರುವ ಎಂಜಿನಿಯರ್ ಹುಡುಗಿ ನಕ್ಷೆಯನ್ನು ಜೀಪಿನ ಮೂತಿಯ ಮೇಲೆ ಹರಡಿ, ಒಮ್ಮೆ ನಕ್ಷೆ, ಒಮ್ಮೆ ಗೋಡೆ ನೋಡುತ್ತಾ ನಿಂತಳು. ಅಧ್ಯಕ್ಷರು ಅದೇ ಬೇಕರಿಯವರು, ನಾಲಿಗೆ ಸುಮ್ಮನಿರಬೇಕಲ್ಲ. “ಏನಮ್ಮಾ, ನಿನ್ನ ಕಾಗದದಲ್ಲಿ ಗೋಡೆ ಎದೆಮಟ್ಟ ಇದೆ, ಇಲ್ಲಿ ಮೊಣಕಾಲುಮಟ್ಟ. ವಯಸ್ಸಾದ್ರೆ ಗೋಡೇನೂ ಕುಗ್ಗುತ್ತಾ?” ಎಂದರು. ಎಲ್ಲರೂ ನಕ್ಕರು. ಲಾರಿ ಮಾಲೀಕ, ನಿನಗೆ ಗೊತ್ತಲ್ಲ, ಎರಡನೇ ವಾರ್ಡಿನವನು, “ನಮ್ಮ ಬಿಲ್ಲುಗಳೂ ಹೀಗೇ ಕುಗ್ಗಿದ್ರೆ ಚೆನ್ನಾಗಿತ್ತು” ಎಂದ. ಹುಡುಗಿ ನಗಲಿಲ್ಲ. ಗೋಡೆಯ ಪಕ್ಕ ಕೂತು ಕಲ್ಲಿನ ಮೇಲೆ ಕೈಯಾಡಿಸಿ, “ಇದು ಬಿದ್ದಿದ್ದಲ್ಲ ಸರ್, ಬಿದ್ದಿದ್ರೆ ಕಲ್ಲು ಇಲ್ಲೇ ಇರೋದು. ಯಾರೋ ಮೇಲಿಂದ ಒಂದೊಂದೇ ಇಳಿಸಿಕೊಂಡು ಹೋಗಿದಾರೆ” ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಆ ಹೊತ್ತಿನಲ್ಲಿ ಏನೂ ಅನ್ನಿಸಲಿಲ್ಲ. ಬಚ್ಚಲಿನ ಹಿಂದೆ ಕಲ್ಲಿನ ಗುಡ್ಡೆಯೊಂದು ಬೆಳೆಯುತ್ತಿರುವುದು ಗೊತ್ತಿತ್ತು. ಮಾವ ಬಟ್ಟೆ ಒಗೆಯುವ ಕಟ್ಟೆ ಕಟ್ಟಿಕೊಡುತ್ತಾರೆ ಎಂದು ನಿನ್ನ ನಾದಿನಿ ಕಾದಿದ್ದಳು. ಅಪ್ಪನ ಅಂಗೈ ಒಡೆದು ಗೆರೆಗೆರೆಯಾಗಿದ್ದು ಗೊತ್ತಿತ್ತು. “ಏನಿದು” ಎಂದರೆ “ಬೇಲಿ ಮುಳ್ಳು” ಎಂದಿದ್ದರು. ನಾನು ಮುಲಾಮು ತಂದುಕೊಟ್ಟಿದ್ದೆ. ಮುಗಿದಾಗ ಇನ್ನೊಂದು ತಂದುಕೊಟ್ಟಿದ್ದೆ. ನಮ್ಮ ಹೊಲಕ್ಕೆ ಮುಳ್ಳಿನ ಬೇಲಿಯೇ ಇಲ್ಲ, ಅಕ್ಕಾ.

ಮೊನ್ನೆ ಸಭೆ. ಜಮೀನು ನಮ್ಮದಾದ್ದರಿಂದ ಆ ವಿಷಯ ಬಂದಾಗ ನಾನು ಹೊರಗೆ ಹೋಗಬೇಕು, ನಿಯಮ. ಮೊಗಸಾಲೆಯಲ್ಲಿ ನೀರಿನ ಡ್ರಮ್ಮಿನ ಪಕ್ಕದ ಬೆಂಚಿನ ಮೇಲೆ ಕೂತೆ. ಲೋಟಕ್ಕೆ ಸರಪಳಿ ಹಾಕಿದ್ದಾರೆ, ಎಷ್ಟು ಗಿಡ್ಡ ಎಂದರೆ ಕುಡಿಯುವವನು ತಲೆ ಬಗ್ಗಿಸಲೇಬೇಕು. ಜವಾನ ಬಂದು, “ಒಳಗೆ ನಿಮ್ಮ ರಸ್ತೆ, ಹೊರಗೆ ನೀವು, ಚೆನ್ನಾಗಿದೆ ಸಾರ್” ಎಂದು ಬಾಗಿಲನ್ನು ಪೂರ್ತಿ ಮುಚ್ಚದೆ ಹೋದ. ಅಪ್ಪನನ್ನು ಒಳಗೆ ಕರೆದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅಧ್ಯಕ್ಷರು ಕಿವಿ ಮಂದ ಎಂದು ಜೋರಾಗಿ, “ಅಜ್ಜ, ಮೂಲೆ ಬಿಟ್ಟುಕೊಡ್ತೀರಾ?” ಎಂದು ಕೇಳಿದರು. “ಬಿಡೋಕೆ ಅಲ್ಲಿ ಏನಿದೆ, ನೋಡ್ಕೊಂಡು ಬಂದ್ರಲ್ಲ” ಎಂದರು ಅಪ್ಪ. ಆಗ ಲಾರಿ ಮಾಲೀಕ, ರಸ್ತೆ ನೇರವಾದರೆ ಎಲ್ಲರೂ ಇನ್ನೂ ಜೋರಾಗಿ ಓಡಿಸುತ್ತಾರೆ, ತನ್ನ ಡ್ರೈವರುಗಳೇ ಓಡಿಸುತ್ತಾರೆ, ತಿರುವಿದ್ದರೇ ಭಯವಿರುತ್ತದೆ ಎಂದ. ಸುಳ್ಳಲ್ಲ ಅದು. ಎಂಜಿನಿಯರ್ ಹುಡುಗಿ, ಅದಕ್ಕೇ ಎರಡು ಕಡೆ ಉಬ್ಬು ಹಾಕುತ್ತೇವೆ ಎಂದಳು. ಸ್ವಲ್ಪ ಹೊತ್ತು ಹಗ್ಗಜಗ್ಗಾಟವಾಯಿತು. ಕೊನೆಗೆ ಯಾರೋ, “ಅಜ್ಜನೇ ಹೇಳಲಿ, ದಿನಾ ನೋಡಿದೋರು” ಎಂದರು. ಅಪ್ಪ, “ಈ ವಿಷಯದಲ್ಲಿ ನನ್ನ ಮಾತು ಕೇಳಬೇಡಿ” ಎಂದರು. ಲಾರಿ ಮಾಲೀಕನಿಗೆ ಏನನ್ನಿಸಿತೋ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, “ಆವತ್ತೇ ಬಿಟ್ಟುಕೊಟ್ಟಿದ್ರೆ ಅಳಿಯ ಉಳೀತಿದ್ನಲ್ಲ ಅಜ್ಜ” ಎಂದುಬಿಟ್ಟ. ಎಡಗಿವಿಗೆ ಬಿದ್ದಿರಲಿಕ್ಕಿಲ್ಲ ಎಂದುಕೊಂಡೆ. ಬಿದ್ದಿತ್ತು. “ಹೌದು” ಎಂದರು ಅಪ್ಪ. ಅಷ್ಟೇ. ಅಧ್ಯಕ್ಷರು ಕೈ ಎತ್ತಿಸಿದರು, ಒಪ್ಪಿಗೆಯಾಯಿತು. ಲಾರಿ ಮಾಲೀಕನೂ ಎತ್ತಿದನಂತೆ. ನನ್ನನ್ನು ಒಳಗೆ ಕರೆದಾಗ ಬೀದಿದೀಪದ ವಿಷಯ ಶುರುವಾಗಿತ್ತು. ನಾನು ಬೀದಿದೀಪಗಳ ಬಗ್ಗೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆನಂತೆ.

ವಾಪಸು ಬರುವಾಗ ಅಪ್ಪ ಕಾಲುದಾರಿಗೆ ತಿರುಗಲಿಲ್ಲ, ರಸ್ತೆಯಲ್ಲೇ ನಡೆದರು. ನಾನು ಹಿಂದೆ ಹೋದೆ. ತಿರುವಿನಲ್ಲಿ ನಿಂತರು. ಈಗ ಅಲ್ಲಿಂದ ಆಚೆ ಕಡೆ ಪೂರ್ತಿ ಕಾಣುತ್ತದೆ, ಸೇತುವೆಯವರೆಗೂ. ಒಂದು ಹಾಲಿನ ವ್ಯಾನು ದೂರದಿಂದ ಬರುತ್ತಿರುವುದು ಕಂಡಿತು, ನಾವು ಬದಿಗೆ ಸರಿದು ನಿಂತೆವು, ಅದು ದಾಟಿಹೋಯಿತು. ಅಷ್ಟು ಸುಲಭ. ಅಡಿಪಾಯದ ದೊಡ್ಡ ಕಲ್ಲುಗಳನ್ನು ತೋರಿಸಿ, “ಇವು ಒಬ್ಬನ ಕೈಲಿ ಆಗಲ್ಲ” ಎಂದರು. ನನ್ನನ್ನು ಕರೆಯಬಹುದಿತ್ತಲ್ಲ ಎಂದು ಕೇಳಬೇಕೆನ್ನಿಸಿತು. ಯಾವತ್ತಿನಿಂದ ಶುರು ಮಾಡಿದಿರಿ ಎಂದು ಮಾತ್ರ ಕೇಳಿದೆ. “ಅವಳು ಬಸ್ಸು ಹತ್ತಿದ ಮಾರನೇ ದಿನ” ಎಂದರು. ನೀನು ಹೋದ ಮೇಲೆ ಅವರು ನಿನ್ನನ್ನು ‘ಅವಳು’ ಎಂದಾದರೂ ಅಂದದ್ದು ಇದೇ ಮೊದಲು. ಇದನ್ನೆಲ್ಲ ಬರೆದು ನಿನ್ನ ಮನಸ್ಸು ಕರಗಿಸುವ ಉದ್ದೇಶ ನನಗಿಲ್ಲ. ಕೋಪ ನಿನ್ನದು, ಅದಕ್ಕೆ ನ್ಯಾಯವೂ ಇದೆ, ಅಪ್ಪನೇ ಸಭೆಯಲ್ಲಿ ಒಪ್ಪಿಕೊಂಡರಲ್ಲ. ನನಗೆ ಇದರಲ್ಲಿ ಸಂತೋಷವೋ ದುಃಖವೋ ಎಂದು ಕೇಳಿದರೆ ಗೊತ್ತಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ನಮ್ಮ ಕೆನ್ನೆಯನ್ನು ನಾವೇ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗಿದೆ.

ಮಾತ್ರೆ ಮರೆಯಬೇಡ. ನಿನ್ನ ನಾದಿನಿ ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಒಗೆಯುವ ಕಟ್ಟೆಯ ಆಸೆ ಬಿಟ್ಟಿದ್ದಾಳೆ. ಹಾಸ್ಟೆಲಿನ ಹುಡುಗಿಯರಿಗೆ ಪರೀಕ್ಷೆ ಸುಸೂತ್ರವಾಗಲಿ, ನಿನ್ನ ಕಾಲಿಗೆ ಬೇಗ ಗುಣವಾಗಲಿ.

ನಿನ್ನ ತಮ್ಮ

ಮರೆತ ಮಾತು: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮುಂದಿನ ತಿಂಗಳು ಕೆಲಸ ಶುರುವಾದಾಗ ಬಚ್ಚಲಿನ ಹಿಂದಿನ ಕಲ್ಲುಗಳನ್ನೂ ರಸ್ತೆಯ ಬುಡಕ್ಕೆ ತುಂಬಲು ಒಯ್ಯುತ್ತಾರೆ, ಅಪ್ಪ ಒಪ್ಪಿದ್ದಾರೆ. ಆದರೆ ದೊಡ್ಡ ಕಲ್ಲುಗಳ ಸಂದಿಗೆ ತುಂಬಿದ್ದ ಸಣ್ಣ ಚೂರುಗಳನ್ನು ಬೇರೆಯಾಗಿ ಆರಿಸಿ, ಹಳೆಯ ಬಕೆಟ್ಟಿನಲ್ಲಿ ಹಾಕಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ. ಗೋಡೆ ಕಟ್ಟುವಾಗ ನೀನು ಲಂಗದ ಮಡಿಲಲ್ಲಿ ಹೊತ್ತು ತಂದು ಕೊಡುತ್ತಿದ್ದೆಯಂತೆ. ನನಗೆ ಆಗ ಇನ್ನೂ ನಡೆಯಲೂ ಬರುತ್ತಿರಲಿಲ್ಲ. ಈ ಕಾಗದ ಬರೆಯುತ್ತಿರುವುದನ್ನು ಕಂಡು ಬಾಗಿಲ ಹತ್ತಿರ ಬಂದು ನಿಂತು, “ಅವು ಅವಳವು. ಏನು ಮಾಡಲಿ ಅಂತ ಕೇಳು” ಎಂದರು. ಈಗಲೂ ಅಲ್ಲೇ ನಿಂತಿದ್ದಾರೆ. ಏನು ಹೇಳಲಿ, ಅಕ್ಕಾ, ನೀನೇ ಬಂದು ಹೇಳುತ್ತೀಯಾ?