ತಲೆಗಲ್ಲು ಒಂದು ಕಡೆ, ತಾಯಿ ಒಂದು ಕಡೆ

ಸ್ಮಶಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನಮ್ಮ ಮನೆತನದ ಒಬ್ಬ ತಾಯಿಯ ಮೇಲೆ ಡಾಂಬರು ಹಾಕಿಸಿದ್ದೀರಿ. ಅವಳ ಮಗ್ಗುಲಲ್ಲಿ ಮೂರು ಎಳೆಗೂಸುಗಳಿವೆ. ಈ ಮಾತನ್ನು ಕಚೇರಿಗೆ ಬಂದು ಹೇಳಿದೆ, ಸಭೆಯಲ್ಲಿ ಎದ್ದು ನಿಂತು ಹೇಳಿದೆ. ತಾವು ಬಹಳ ಸೌಜನ್ಯದಿಂದ ತಲೆಯಾಡಿಸಿದಿರಿ. ಇನ್ನು ಪತ್ರಿಕೆಯಲ್ಲಿ ಊರೇ ಓದಲಿ.

ನನ್ನಣ್ಣ ಮರ್ಲ್ ಈ ಕೊಲ್ಲಿಯಲ್ಲಿ ಲಾಬ್‌ಸ್ಟರ್ ಸಿಗಡಿ ಹಿಡಿದು ಬದುಕಿದವನು. ಮಂಡಿ ಕೈಕೊಟ್ಟ ಮೇಲೆ ದೋಣಿ ಮಾರಿ, ನಮ್ಮ ವಂಶದ ಬೇರು ಹುಡುಕುತ್ತ ಕೂತ. ಈ ಊರಿಗೆ ಮೊದಲು ಬಂದು ನೆಲೆಸಿದ ಓಬದಾಯ ಸ್ಟ್ರೌಟ್ ನಮ್ಮ ಮೂಲಪುರುಷನೆಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ವರ್ಷಗಟ್ಟಲೆ ಊರೂರು ಅಲೆದು ಬಂದ ಅಣ್ಣ ಒಂದು ದಿನ ನನ್ನ ಅಡುಗೆಮನೆಯಲ್ಲಿ ಕೂತು ಬಿದ್ದುಬಿದ್ದು ನಕ್ಕ.

"ವರ್ನಾ, ನಮ್ಮಪ್ಪನ ವೀರ ಇದ್ದಾನಲ್ಲ, ಪಕ್ಕದೋರ ಹೊಲಕ್ಕೆ ಹಂದಿ ನುಗ್ಗಿಸಿ ದಂಡ ಕಟ್ಟಿದೋನು ಕಣೇ! ಅದೂ ಒಂದ್ಸಲ ಅಲ್ಲ!"

"ಸದ್ಯ, ನಿನ್ನ ಬುದ್ಧಿ ಎಲ್ಲಿಂದ ಬಂತು ಅಂತ ಗೊತ್ತಾಯ್ತು," ಅಂದೆ.

ಆಮೇಲೆ ಅವನ ದನಿ ತಗ್ಗಿತು. ನಾವು ಓಬದಾಯನ ದೊಡ್ಡ ಹೆಂಡತಿಯ ಸಂತಾನವಲ್ಲ. ಆ ಗೌರವ, ಅಧ್ಯಕ್ಷರೇ, ತಮ್ಮಂಥವರ ಮನೆತನಕ್ಕೆ ಸೇರಿದ್ದು. ನಾವು ಎರಡನೆಯವಳಾದ ಪೇಶನ್ಸಳ ಕಡೆಯವರು. ಹಡಗಿನ ಖರ್ಚು ತೀರಿಸಲು ಏಳು ವರ್ಷ ಜೀತಕ್ಕೆ ಬರೆದುಕೊಟ್ಟು ಬಂದ ಹುಡುಗಿ ಅವಳು. ಹೆತ್ತ ಮೂರು ಮಕ್ಕಳನ್ನು ಮಣ್ಣಿಗಿಟ್ಟು, ನಾಲ್ಕನೆಯದನ್ನು ಉಳಿಸಿಕೊಟ್ಟು ತಾನೂ ಅವುಗಳ ಪಕ್ಕದಲ್ಲೇ ಮಲಗಿದಳು. ಉಳಿದ ಆ ಮಗುವಿನ ಕುಡಿ ನಾವು. "ಓಬದಾಯ ಹೋಗ್ಲಿ ಬಿಡು. ನಮಗೆ ಬೇಕಾದೋಳು ಇವಳು," ಎಂದ ಅಣ್ಣ.

ಅವಳ ತಲೆಗಲ್ಲು ಸ್ಮಶಾನದ ಬಾಗಿಲ ಬಳಿ, ತಮ್ಮ ಹೆಮ್ಮೆಯ ಮೊದಲ ಸಾಲಿನಲ್ಲಿದೆ. ಕಪ್ಪು ಕಲ್ಲಿನಲ್ಲಿ ಕೆತ್ತಿದ ಒಂದು ದೊಡ್ಡ ಮುಖ, ಮೂರು ಪುಟ್ಟ ಮುಖಗಳು. ಆದರೆ ಹಿಂದಿನ ಸಮಿತಿಯೊಂದು ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡವಾಗುತ್ತದೆಂದು ಹಳೆಯ ತಲೆಗಲ್ಲುಗಳನ್ನೆಲ್ಲ ಕೆಳಗಿನ ಇಳಿಜಾರಿನಿಂದ ಕಿತ್ತು ಬಾಗಿಲ ಬಳಿ ಸಾಲಾಗಿ ನಿಲ್ಲಿಸಿತ್ತೆಂದು ನಮ್ಮಜ್ಜಿ ಹೇಳುತ್ತಿದ್ದಳು. ಹುಲ್ಲಿಗೆ ಅನುಕೂಲವಾಯಿತು. ಸತ್ತವರು ಎದ್ದು ತಂತಮ್ಮ ಕಲ್ಲಿನ ಹಿಂದೆ ನಡೆದು ಬಂದರೆಂದು ತಮ್ಮ ಸಮಿತಿ ನಂಬಿದಂತಿದೆ.

ಹಿಂದಿನವರು ಗೋರಿಯ ತಲೆಗೊಂದು ಹೆಸರಿನ ಕಲ್ಲು, ಕಾಲಿಗೊಂದು ಚಿಕ್ಕ ಕಲ್ಲು ನೆಡುತ್ತಿದ್ದರು. ಯಂತ್ರಕ್ಕೆ ಅಡ್ಡಬರದ ಕಾಲುಗಲ್ಲುಗಳನ್ನು ಯಾರೂ ಮುಟ್ಟಿರಲಿಲ್ಲ. ಕೆಳಗಿನ ಇಳಿಜಾರಿನಲ್ಲಿ ಅಣ್ಣ ಸಲಾಕೆಯಿಂದ ನೆಲ ಚುಚ್ಚುತ್ತ ಒಂದು ಬೇಸಿಗೆ ಕಳೆದ. ಕೊನೆಗೆ ಹುಲ್ಲಿನಡಿ ಸಿಕ್ಕಿತು, ಪಿ. ಎಸ್. ಎಂದು ಎರಡೇ ಅಕ್ಷರದ ಕಲ್ಲು. ಸಮುದ್ರದಲ್ಲಿ ಎಷ್ಟು ಏಟು ತಿಂದರೂ ಅಳದವನು ಅಲ್ಲೇ ಕೂತು ಮೂಗು ಒರೆಸಿಕೊಂಡ.

ಅದೇ ಇಳಿಜಾರನ್ನು ತಾವು ಕಾರು ನಿಲ್ಲಿಸುವ ಜಾಗವೆಂದು ಗುರುತಿಸಿದ್ದಿರಿ. ಯಾತಕ್ಕೆ? ಊರು ಹುಟ್ಟಿ ಮುನ್ನೂರೈವತ್ತು ವರ್ಷವಾದ ಸಂಭ್ರಮಕ್ಕೆ! ಮೊದಲು ಬಂದು ನೆಲೆಸಿದವರನ್ನು ಗೌರವಿಸಲು ಬರುವ ಜನ, ಅವರ ಎದೆಯ ಮೇಲೆ ಗಾಡಿ ನಿಲ್ಲಿಸಿ ಬಂದು ತಮ್ಮ ಭಾಷಣ ಕೇಳಬೇಕಲ್ಲವೇ?

ಅಂದಿನ ಸಭೆ ತಮಗೆ ನೆನಪಿರಬಹುದು.

"ಅಲ್ಲಿ ಗೋರಿ ಇದೆ ಅನ್ನೋಕೆ ಏನ್ರೀ ಸಾಕ್ಷಿ? ತಲೆಗಲ್ಲು ಇಲ್ವಲ್ಲ," ಎಂದಿರಿ.

"ಕಿತ್ತೋರು ನಿಮ್ಮ ಸಮಿತಿಯೋರೇ ಅಲ್ವಾ ಸ್ವಾಮಿ?" ಎಂದ ಅಣ್ಣ.

"ನೋಡಿ ಮರ್ಲ್, ಕಲ್ಲು ಎಲ್ಲಿದೆಯೋ ಗೋರಿ ಅಲ್ಲಿದೆ. ನಮ್ಮ ನಕ್ಷೇಲೂ ಹಾಗೇ ಇದೆ."

"ಸರಿ, ನಾಳೆ ನಿಮ್ಮನೆ ನಾಮಫಲಕ ಕಿತ್ತು ದೋಣಿಕಟ್ಟೇಲಿ ನೆಡ್ತೀನಿ. ರಾತ್ರಿ ಅಲ್ಲೇ ಮಲಕ್ಕೊಳಿ."

ಸಭೆ ನಕ್ಕಿತು. ತಾವೂ ನಕ್ಕು, ಕೈಯೆತ್ತಿಸಿ ನಿರ್ಣಯ ಅಂಗೀಕರಿಸಿದಿರಿ.

ಅಗೆಯುವ ಯಂತ್ರ ಓಡಿಸಿದವನು ಡ್ವೇನ್. ಶಾಲೆಯಲ್ಲಿ ನನ್ನ ಕೈಯಡುಗೆ ಉಂಡು ಬೆಳೆದವನು. ಮಧ್ಯಾಹ್ನ ಫೋನ್ ಮಾಡಿದ. "ಮಿಸ್ ವರ್ನಾ, ಮರ್ಲ್‌ನ ಕರ್ಕೊಂಡು ಬೇಗ ಬನ್ನಿ. ಯಾಕೋ ನನ್ನ ಕೈ ಏಳ್ತಿಲ್ಲ."

ಹೋದೆವು. ಮೇಲ್ಮಣ್ಣು ಕೆರೆದ ಹಳದಿ ನೆಲದಲ್ಲಿ ಕಪ್ಪಾಗಿ, ಮಸಿಯಲ್ಲಿ ಬರೆದಷ್ಟು ಸ್ಪಷ್ಟವಾಗಿ, ಒಂದು ಉದ್ದನೆಯ ಗುರುತು. ಅದರ ಪಕ್ಕ ಮೂರು ಚಿಕ್ಕವು. ಒಮ್ಮೆ ತೋಡಿ ಮುಚ್ಚಿದ ಮಣ್ಣು ಎಂದೂ ಮೊದಲಿನ ಬಣ್ಣಕ್ಕೆ ಬರುವುದಿಲ್ಲವಂತೆ. ಅಣ್ಣ ಟೋಪಿ ತೆಗೆದು, ಆ ಮಂಡಿಯನ್ನೂ ಬಗ್ಗಿಸಿ ಕೂತ. ಚಿಕ್ಕ ಗುರುತುಗಳು ಬ್ರೆಡ್ಡಿನ ಪೆಟ್ಟಿಗೆಗಿಂತ ದೊಡ್ಡವಿರಲಿಲ್ಲ.

ತಾವು ಬಂದಿರಿ, ನೋಡಿದಿರಿ. "ಮಣ್ಣಿನ ಬಣ್ಣ ಸಾಕ್ಷಿ ಆಗಲ್ಲ," ಎಂದಿರಿ. ಡ್ವೇನ್ ಯಂತ್ರದ ಕೀಲಿಕೈ ತಮ್ಮ ಕೈಗಿಟ್ಟು ಮನೆಗೆ ಹೋದ. ಮಾರನೆಯ ಬೆಳಿಗ್ಗೆ ಬೇರೆ ಯಾರೋ ಜಲ್ಲಿ ಸುರಿದರು.

ಆಮೇಲೆ ಅಣ್ಣ ಆ ದಾರಿ ಹಿಡಿಯಲಿಲ್ಲ. ವಂಶವೃಕ್ಷದ ಮಾತೂ ಆಡಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಹೋದ. ಹೃದಯ ಎಂದರು ಡಾಕ್ಟರು. ನಾನು ವಾದಿಸಲಿಲ್ಲ.

ಆಗ ತಮ್ಮ ಸಂತಾಪ ಬಂತು, ಹೂಗುಚ್ಛದೊಂದಿಗೆ. ಊರಿನ ಇತಿಹಾಸಕ್ಕೆ ಮರ್ಲ್ ಸಲ್ಲಿಸಿದ ಸೇವೆಗಾಗಿ ಮೊದಲ ಸಾಲಿನಲ್ಲಿ, ಪೇಶನ್ಸಳ ಕಲ್ಲಿನ ಪಕ್ಕದಲ್ಲೇ ಜಾಗ ಕೊಡುತ್ತೀರಂತೆ! ಬದುಕಿದ್ದಾಗ ಅವನ ಮಾತಿಗೆ ಕೊಡದ ಜಾಗವನ್ನು ಅವನ ಹೆಣಕ್ಕೆ ಕೊಡಲು ತಮಗೆ ಎಷ್ಟು ಧಾರಾಳ ಮನಸ್ಸು!

ಬೇಡ. ಆ ಕಲ್ಲಿನ ಕೆಳಗೆ ಯಾರೂ ಇಲ್ಲ. ಯಾರೂ ಇಲ್ಲದ ಕಡೆ ನನ್ನಣ್ಣನನ್ನು ಮಲಗಿಸಲಾರೆ.

ನಾನು ಕೇಳುವುದಿಷ್ಟೇ. ಎರಡು ಕಾರು ನಿಲ್ಲುವಷ್ಟು ಅಗಲದ ಡಾಂಬರು ಒಡೆಸಿ. ಕಲ್ಲನ್ನು ಅದರ ತಾಯಿಯ ಬಳಿ ಮರಳಿ ನೆಡಿ. ಹುಲ್ಲು ನಾನೇ ಕುಡುಗೋಲಿನಿಂದ ಕೊಯ್ಯುತ್ತೇನೆ, ತಮ್ಮ ಯಂತ್ರಕ್ಕೆ ತೊಂದರೆಯಾಗದು. ಅಲ್ಲಿ ಅವಳ ಪಕ್ಕ ಮಣ್ಣಿಗಿಡುವವರೆಗೆ, ದಹನ ಮಾಡಿಸಿ ತಂದ ಮರ್ಲ್‌ನ ಬೂದಿ ನನ್ನ ಅಡುಗೆಮನೆಯ ಕಿಟಕಿಯಲ್ಲಿರುತ್ತದೆ. ಅವನಿಗೆ ಅವಸರವಿಲ್ಲ. ನನಗೆ ಎಪ್ಪತ್ತನಾಲ್ಕು.

ಇಂತಿ,
ಊರಿಗೆ ಮೊದಲು ಬಂದವರ ಮನೆಯಲ್ಲಿ, ಪೇಶನ್ಸಳ ಕಡೆ ಕೊನೆಗೆ ಉಳಿದವಳು,
ವರ್ನಾ ಸ್ಟ್ರೌಟ್