ಕರಗಿದ ಪಾಲು

ಮಾರ್ಚ್ ೧೪, ಗುರುವಾರ

ಕಂಪನಿ ಮಾರಾಟವಾಯಿತು. ನಾನು ಬೇಡವೆಂದೆ, ತಮ್ಮ ಬೇಕೆಂದ. ಉಳಿದ ಷೇರುದಾರರೆಲ್ಲ ಅವನ ಕಡೆಗೇ ಕೈಯೆತ್ತಿದರು.

ಅಕ್ಕ ತಮ್ಮ ಇಬ್ಬರೇ ಸೇರಿ ಕಟ್ಟಿದ ಮೊಬೈಲ್ ಕಂಪನಿ. ಹೊಸ ಊರಿಗೆ ಟವರ್ ಹಾಕುವಾಗಲೆಲ್ಲ ಬಂಡವಾಳಕ್ಕಾಗಿ ಒಂದಿಷ್ಟು ಷೇರು ಬಿಟ್ಟುಕೊಟ್ಟೆವು. ಕಂಪನಿ ಬೆಳೆದಂತೆಲ್ಲ ನಮ್ಮ ಪಾಲು ಕರಗಿತು.

ಮೊದಲ ಟವರ್ ನಿಲ್ಲಿಸಿದ ಮೇಸ್ತ್ರಿ ಆಫೀಸಿನ ಮೆಟ್ಟಿಲ ಬಳಿ ಕಾಯುತ್ತಿದ್ದರು.

"ಅಮ್ಮಾ, ಹೊಸಬ್ರು ನಮ್ಮನ್ನ ಇಟ್ಕೋತಾರಾ?"

"ಕೇಳ್ದೆ. ಯಾರೂ ಬಾಯಿ ಬಿಡ್ಲಿಲ್ಲ."

"ಹೋಗ್ಲಿ ಬಿಡಿ, ನೀವಿದ್ದೀರಲ್ಲ," ಎಂದು ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಹೊರಟರು.

ನಾಳೆಯಿಂದ ನಾನೂ ಇಲ್ಲ ಎಂದು ಹೇಳದೆಯೇ ಮನೆಗೆ ಬಂದೆ.

ತಮ್ಮನ ಫೋನ್ ಬರುತ್ತಲೇ ಇದೆ. ಎತ್ತಿದರೆ ಜಗಳವಾಡುವುದಿಲ್ಲ, ಅತ್ತುಬಿಡುತ್ತೇನೆ. ಬೆಳಗಾಗುತ್ತಲೇ ಮೇಸ್ತ್ರಿಯ ಮನೆಗೆ ಹೋಗಬೇಕು. ಅವರು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡಬೇಕು.